ಕಾಸ್ಟಿಕ್ ಸೋಡಾ ಉಕ್ಕಿನ ಟ್ಯಾಂಕನ್ನು ತಿಂದುಹಾಕುತ್ತದೆಯೇ?

ಕಾಸ್ಟಿಕ್ ಸೋಡಾ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಎಲ್ಲವನ್ನೂ ಕರಗಿಸಿಬಿಡುವ ಒಂದು ಭಯಂಕರ ವಸ್ತು. ಕಟ್ಟಿಕೊಂಡ ಚರಂಡಿ ಪೈಪನ್ನು ಅದು ಬಿಡಿಸುತ್ತದೆ, ಜಿಡ್ಡನ್ನು ಕರಗಿಸುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಹಾಗಾದರೆ ಇದನ್ನು ಟನ್ನುಗಟ್ಟಲೆ ತುಂಬಿಡುವ ಟ್ಯಾಂಕನ್ನು ಯಾವುದರಿಂದ ಮಾಡುತ್ತಾರೆ? ಗಾಜಿನಿಂದಲೇ? ವಿಶೇಷ ಪ್ಲಾಸ್ಟಿಕ್ಕಿನಿಂದಲೇ? ದುಬಾರಿ ಲೋಹದಿಂದಲೇ?

ಉತ್ತರ ಕೇಳಿದರೆ ಅಚ್ಚರಿಯಾಗಬಹುದು. ಹೆಚ್ಚಿನ ಕಡೆ ಮಾಮೂಲಿ ಉಕ್ಕಿನಿಂದಲೇ ಮಾಡುತ್ತಾರೆ. ಗೇಟು, ಗ್ರಿಲ್ಲು ಮಾಡುವ ಅದೇ ಮೈಲ್ಡ್ ಸ್ಟೀಲ್. ಮಳೆಗಾಲದಲ್ಲಿ ಒಂದು ವಾರ ಹೊರಗಿಟ್ಟರೆ ತುಕ್ಕು ಹಿಡಿಯುವ ಈ ಉಕ್ಕು, ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ವರ್ಷಗಟ್ಟಲೆ ಹೆಚ್ಚೇನೂ ಸವೆಯದೆ ಉಳಿಯುತ್ತದೆ. ಆದರೆ ಅದೇ ಟ್ಯಾಂಕು, ಅದೇ ದ್ರಾವಣ, ಸ್ವಲ್ಪ ಬಿಸಿ ಹೆಚ್ಚಾದರೆ ಸಾಕು, ಒಂದು ಹನಿ ತುಕ್ಕೂ ಕಾಣಿಸದೆ ಸೀಳಿಬಿಡಬಹುದು.

ಇದು ಹೇಗೆ ಎನ್ನುವುದನ್ನು ಮಂಡ್ಯ ಜಿಲ್ಲೆಯ ಮೂರು ಊರುಗಳ ಉದಾಹರಣೆ ಇಟ್ಟುಕೊಂಡು ನೋಡೋಣ. ಮಂಡ್ಯದ ಸಕ್ಕರೆ, ಮದ್ದೂರು ತಾಲ್ಲೂಕಿನ ಹಾಲು, ಮಳವಳ್ಳಿ ತಾಲ್ಲೂಕಿನಿಂದ ಬೆಂಗಳೂರಿಗೆ ಹೋಗುವ ಕಾವೇರಿ ನೀರು. ಮೂರಕ್ಕೂ ಉಕ್ಕಿಗೂ ಕ್ಷಾರಕ್ಕೂ ನಂಟಿದೆ.

ಮೊದಲು, ಯಾವ ಸೋಡಾ?

ನಮ್ಮ ಮನೆಗಳಲ್ಲಿ 'ಸೋಡಾ' ಎಂದರೆ ಹಲವು ವಸ್ತುಗಳು. ಇಡ್ಲಿ, ಬೋಂಡಾಕ್ಕೆ ಹಾಕುವ ಅಡುಗೆ ಸೋಡಾ ಸೋಡಿಯಂ ಬೈಕಾರ್ಬೊನೇಟ್. ಇದು ತೀರಾ ಸೌಮ್ಯ. ಬಟ್ಟೆ ಒಗೆಯುವ ಸೋಡಾ ಸೋಡಿಯಂ ಕಾರ್ಬೊನೇಟ್. ಇದು ಸ್ವಲ್ಪ ಖಡಕ್, ಕೈ ಉರಿಯುತ್ತದೆ. ಕಾಸ್ಟಿಕ್ ಸೋಡಾ ಇವೆರಡರ ಅಣ್ಣ, ಸೋಡಿಯಂ ಹೈಡ್ರಾಕ್ಸೈಡ್. ಮೂರೂ ಕ್ಷಾರಗಳೇ, ಅಂದರೆ ಆಮ್ಲಕ್ಕೆ ವಿರುದ್ಧ ಗುಣದವು. ನಮ್ಮ ಅಜ್ಜಿಯಂದಿರು ಪಾತ್ರೆ ಬೆಳಗುತ್ತಿದ್ದ ಬೂದಿಯಲ್ಲಿ, ಗೋಡೆಗೆ ಬಳಿಯುವ ಸುಣ್ಣದಲ್ಲಿ ಇರುವುದೂ ಕ್ಷಾರವೇ.

ಕಾಸ್ಟಿಕ್ ಸೋಡಾ ಮಾರುಕಟ್ಟೆಯಲ್ಲಿ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ಚೀಲದಲ್ಲಿ ಬರುವ ಬಿಳಿ ಚಕ್ಕೆ. ಇನ್ನೊಂದು, ಟ್ಯಾಂಕರಿನಲ್ಲಿ ಬರುವ ದ್ರವ. ಈ ದ್ರವದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಅಂದರೆ ಸುಮಾರು 50% ಕಾಸ್ಟಿಕ್, ಉಳಿದದ್ದು ನೀರು.

ಮಂಡ್ಯ: ಸಕ್ಕರೆಗೆ ಕಾಸ್ಟಿಕ್ ಏಕೆ?

ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ ಮಂಡ್ಯ ಸೀಮೆ ಕಬ್ಬಿನ ನಾಡಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ಇಂದಿನ ಮೈಷುಗರ್, ಇಲ್ಲಿ ಹುಟ್ಟಿತು. ಅದಕ್ಕೆ ಆಗ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನ ದೊಡ್ಡದು. ಇಂದು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ, ಕೊಪ್ಪಗಳಲ್ಲೂ ಸಕ್ಕರೆ ಕಾರ್ಖಾನೆಗಳಿವೆ.

ಸಕ್ಕರೆ ಮಾಡುವುದೆಂದರೆ ಮುಖ್ಯವಾಗಿ ನೀರನ್ನು ಓಡಿಸುವ ಕೆಲಸ. ಆಲೆಮನೆಯಲ್ಲಿ ಕೊಪ್ಪರಿಗೆಯಲ್ಲಿಟ್ಟು ಹಾಲು ಬತ್ತಿಸುವುದನ್ನು ನೀವು ನೋಡಿರಬಹುದು (ಮಂಡ್ಯದಲ್ಲಿ ಕಬ್ಬಿನ ರಸಕ್ಕೆ ಕಬ್ಬಿನ ಹಾಲು ಎಂದೇ ಹೆಸರು). ಕಾರ್ಖಾನೆಯಲ್ಲಿ ಇದೇ ಕೆಲಸವನ್ನು ಇವಾಪರೇಟರ್ ಎಂಬ ದೊಡ್ಡ ಪಾತ್ರೆಗಳು ಮಾಡುತ್ತವೆ. ಒಳಗೆ ಸಾವಿರಾರು ಸಣ್ಣ ಕೊಳವೆಗಳು, ಅವುಗಳ ಸುತ್ತ ಹಬೆ, ಒಳಗೆ ಕುದಿಯುವ ರಸ.

ಕಬ್ಬಿನ ಹಾಲಿನಲ್ಲಿ ಸಕ್ಕರೆಯೊಂದೇ ಇರುವುದಿಲ್ಲ. ಮಣ್ಣಿನಿಂದ ಬಂದ ಸಿಲಿಕಾ ಇರುತ್ತದೆ, ಸುಣ್ಣ ಹಾಕಿ ಶುದ್ಧಿ ಮಾಡುವುದರಿಂದ ಕ್ಯಾಲ್ಸಿಯಂ ಲವಣಗಳೂ ಸೇರುತ್ತವೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆಯೇ ಇವು ಕೊಳವೆಗಳ ಒಳಮೈಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಪದರ ದಪ್ಪವಾದಷ್ಟೂ ಹಬೆಯ ಬಿಸಿ ರಸಕ್ಕೆ ತಲುಪುವುದಿಲ್ಲ, ಉರುವಲು ದಂಡವಾಗುತ್ತದೆ, ಕಬ್ಬು ಅರೆಯುವ ವೇಗ ಇಳಿಯುತ್ತದೆ. ಆಗ ಇವಾಪರೇಟರನ್ನು ನಿಲ್ಲಿಸಿ, ಕಾಸ್ಟಿಕ್ ದ್ರಾವಣ ತುಂಬಿ ಗಂಟೆಗಟ್ಟಲೆ ಕುದಿಸುತ್ತಾರೆ. ಪದರ ಮೆತ್ತಗಾಗಿ ಸಡಿಲವಾಗುತ್ತದೆ, ಉಳಿದದ್ದನ್ನು ಬ್ರಷ್ಷಿನಿಂದಲೋ ದುರ್ಬಲ ಆಮ್ಲದಿಂದಲೋ ತೆಗೆಯುತ್ತಾರೆ. ಬಳಸಿದ ಕಾಸ್ಟಿಕ್ಕನ್ನು ಚೆಲ್ಲುವುದಿಲ್ಲ, ಟ್ಯಾಂಕಿಗೆ ಮರಳಿ ತುಂಬಿಕೊಂಡು ಮುಂದಿನ ಬಾರಿ ಬಳಸುತ್ತಾರೆ.

ಇಲ್ಲಿ ಒಂದು ಮಾತು ನೆನಪಿಡಿ. ಹಾಗೆ ಮರಳುವ ದ್ರಾವಣ ತಣ್ಣಗಿರುವುದಿಲ್ಲ.

ಉಕ್ಕು ಏಕೆ ಕರಗುವುದಿಲ್ಲ?

ತುಕ್ಕು ಹಿಡಿಯಲು ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಬೇಕು. ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತವೆ, ಅಲ್ಲಿ ಆಮ್ಲಜನಕದೊಂದಿಗೆ ಸೇರಿ ಕೆಂಪು ತುಕ್ಕಾಗುತ್ತವೆ. ಈ ತುಕ್ಕು ಸಡಿಲ, ಸ್ಪಂಜಿನಂತೆ ತೂತುತೂತು. ನೀರು ಒಳಗೆ ಇಳಿಯುತ್ತಲೇ ಇರುತ್ತದೆ, ಕಬ್ಬಿಣ ಸವೆಯುತ್ತಲೇ ಇರುತ್ತದೆ. ನೀರಿನಲ್ಲಿ ಆಮ್ಲ ಇದ್ದರೆ ಈ ಕೆಲಸ ಇನ್ನೂ ಜೋರು.

ಕ್ಷಾರದಲ್ಲಿ ಕಥೆ ಬೇರೆ. ಕ್ಷಾರ ಹೆಚ್ಚಿರುವ ನೀರಿನಲ್ಲಿ ಕಬ್ಬಿಣದ ಮೇಲೆ ಮೊದಲು ಹುಟ್ಟುವ ಆಕ್ಸೈಡು ಕರಗಿ ಹೋಗುವುದಿಲ್ಲ. ಅದು ಬಹಳ ತೆಳುವಾದ, ಆದರೆ ಒತ್ತಾದ ಹೊದಿಕೆಯಾಗಿ ಉಕ್ಕಿನ ಮೈಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ತೆಳು. ಆದರೂ ಉಕ್ಕು ಮತ್ತು ದ್ರಾವಣದ ನಡುವೆ ಅದು ಕೋಟೆಯಂತೆ ನಿಲ್ಲುತ್ತದೆ. ಮಾಮೂಲಿ ಬಿಸಿಯಲ್ಲಿ 50% ಕಾಸ್ಟಿಕ್ಕಿನಲ್ಲಿಟ್ಟ ಉಕ್ಕು ವರ್ಷಕ್ಕೆ ಸವೆಯುವುದು ಒಂದು ಮಿಲಿಮೀಟರಿನ ಸಣ್ಣ ಪಾಲು ಮಾತ್ರ.

ಅಂದರೆ 'ಎಲ್ಲ ಕೆಮಿಕಲ್ಲೂ ಕಬ್ಬಿಣವನ್ನು ತಿನ್ನುತ್ತದೆ' ಎನ್ನುವುದು ತಪ್ಪು ನಂಬಿಕೆ. ಆಮ್ಲ ತಿನ್ನುತ್ತದೆ, ಕ್ಷಾರ ಬಹುಮಟ್ಟಿಗೆ ಕಾಯುತ್ತದೆ.

ಮಳವಳ್ಳಿ: ಕಾವೇರಿ ನೀರಿನ ಕೊಳವೆಯೊಳಗಿನ ಸಿಮೆಂಟು

ಇದಕ್ಕೆ ದೊಡ್ಡ ಸಾಕ್ಷಿ ಬೇಕಿದ್ದರೆ ಮಳವಳ್ಳಿ ತಾಲ್ಲೂಕಿಗೆ ಹೋಗಬೇಕು. ಇಲ್ಲಿನ ತೊರೆಕಾಡನಹಳ್ಳಿಯಲ್ಲಿ, ಎಲ್ಲರ ಬಾಯಲ್ಲಿ ಟಿ.ಕೆ. ಹಳ್ಳಿ, ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ಶುದ್ಧಿ ಮಾಡುತ್ತಾರೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 5ನೇ ಹಂತದ ಶುದ್ಧೀಕರಣ ಘಟಕವೂ ಇಲ್ಲೇ ಇದೆ. ಇಲ್ಲಿಂದ ನೀರು ಭಾರಿ ಗಾತ್ರದ ಕೊಳವೆಗಳಲ್ಲಿ ಸುಮಾರು 100 ಕಿಲೋಮೀಟರ್ ದೂರ ಪಂಪಾಗುತ್ತದೆ.

ಇಂತಹ ದೊಡ್ಡ ಉಕ್ಕಿನ ನೀರಿನ ಕೊಳವೆಗಳಿಗೆ ಒಳಗಡೆ ಸಿಮೆಂಟ್ ಗಾರೆಯ ಲೇಪ ಕೊಡುವುದು ಬಹುಕಾಲದ ರೂಢಿ. ನೀರು ಉಕ್ಕಿಗೆ ತಾಗದಿರಲಿ ಎಂದು ಸಿಮೆಂಟು ಬಳಿಯುತ್ತಾರೆ ಎಂದುಕೊಳ್ಳುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಸಿಮೆಂಟಿನ ಮೂಲಕ ನೀರು ಸ್ವಲ್ಪ ಸ್ವಲ್ಪವಾಗಿ ಇಳಿದೇ ಇಳಿಯುತ್ತದೆ. ಆದರೆ ಹಾಗೆ ಇಳಿಯುವಾಗ ಸಿಮೆಂಟಿನಲ್ಲಿರುವ ಸುಣ್ಣವನ್ನು ಕರಗಿಸಿಕೊಂಡು ಪಿಎಚ್ 12ಕ್ಕೂ ಮೇಲಿನ ಕ್ಷಾರವಾಗಿ ಉಕ್ಕನ್ನು ತಲುಪುತ್ತದೆ. ಉಕ್ಕಿನ ಮೇಲೆ ಅದೇ ರಕ್ಷಣೆಯ ಹೊದಿಕೆ ಹುಟ್ಟುತ್ತದೆ. ನಮ್ಮ ಮನೆಯ ಆರ್‌ಸಿಸಿ ಚಾವಣಿಯೊಳಗಿನ ಕಂಬಿ ಹತ್ತಾರು ವರ್ಷ ತುಕ್ಕು ಹಿಡಿಯದಿರುವುದೂ ಇದೇ ಕಾರಣಕ್ಕೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಕಾಂಕ್ರೀಟಿನ ಕ್ಷಾರವನ್ನು ಕುಗ್ಗಿಸಿದಾಗ ಕಂಬಿ ತುಕ್ಕು ಹಿಡಿದು, ಉಬ್ಬಿ, ಚಾವಣಿಯ ಗಾರೆ ಉದುರುತ್ತದೆ.

ಹಾಗಾದರೆ ಅಪಾಯ ಎಲ್ಲಿದೆ?

ಉಕ್ಕು ಇಷ್ಟು ಚೆನ್ನಾಗಿ ತಡೆದುಕೊಳ್ಳುತ್ತದೆ ಎಂದ ಮೇಲೆ ಟ್ಯಾಂಕಿನ ವಿನ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ? ಏಕೆಂದರೆ ಕಾಸ್ಟಿಕ್ ಉಕ್ಕನ್ನು ಸವೆಸಿ ಸೋಲಿಸುವುದಕ್ಕಿಂತ ಹೆಚ್ಚಾಗಿ ಸೀಳಿ ಸೋಲಿಸುತ್ತದೆ.

ನೂರು ವರ್ಷಗಳ ಹಿಂದೆ ಬಾಯ್ಲರುಗಳನ್ನು ವೆಲ್ಡಿಂಗ್ ಬದಲು ರಿವೆಟ್ ಹೊಡೆದು ಜೋಡಿಸುತ್ತಿದ್ದರು. ಆಗ ಒಂದು ವಿಚಿತ್ರ ಕಾಟ ಶುರುವಾಯಿತು. ಬಾಯ್ಲರಿನ ತಗಡು ಸವೆದಿರುತ್ತಿರಲಿಲ್ಲ, ದಪ್ಪ ಸರಿಯಾಗಿಯೇ ಇರುತ್ತಿತ್ತು. ಆದರೂ ರಿವೆಟ್ಟಿನ ತೂತುಗಳ ಸುತ್ತ ಕೂದಲಿನಷ್ಟು ಸಣ್ಣ ಬಿರುಕುಗಳು. 1917ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎಸ್.ಡಬ್ಲ್ಯು. ಪಾರ್ ಎಂಬ ರಸಾಯನ ವಿಜ್ಞಾನಿ ಇದಕ್ಕೂ ಸೋಡಿಯಂ ಹೈಡ್ರಾಕ್ಸೈಡಿಗೂ ಇರುವ ನಂಟನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು.

ಬಾಯ್ಲರ್ ನೀರಿನಲ್ಲಿ ಕಾಸ್ಟಿಕ್ ಇದ್ದದ್ದು ಅತ್ಯಲ್ಪ. ಆದರೆ ರಿವೆಟ್ಟಿನ ಸಂದಿನಲ್ಲಿ ಸೋರುವ ನೀರು ಆವಿಯಾಗಿ ಹೋಗುತ್ತಿತ್ತು, ಕಾಸ್ಟಿಕ್ ಮಾತ್ರ ಅಲ್ಲೇ ಉಳಿದು ಗಟ್ಟಿಯಾಗುತ್ತಿತ್ತು. ರಸ ಬತ್ತಿ ಬೆಲ್ಲವಾಗುವ ಹಾಗೆ! ರಿವೆಟ್ ಹೊಡೆದ ಜಾಗದಲ್ಲಿ ಉಕ್ಕು ಮೊದಲೇ ಎಳೆತದಲ್ಲಿರುತ್ತಿತ್ತು. ಗಟ್ಟಿ ಕಾಸ್ಟಿಕ್, ಬಿಸಿ, ಎಳೆತ ಮೂರೂ ಒಂದೆಡೆ ಸೇರಿದವು, ಉಕ್ಕು ಬಿರುಕು ಬಿಟ್ಟಿತು.

ಇಂದು ಇದನ್ನು ಕಾಸ್ಟಿಕ್ ಬಿರುಕು ಎನ್ನುತ್ತೇವೆ. ಉಕ್ಕು ಎಂದರೆ ಸಣ್ಣ ಸಣ್ಣ ಹರಳುಗಳನ್ನು ಒತ್ತಿ ಜೋಡಿಸಿದ ಗೋಡೆಯಂತೆ. ಕಾಸ್ಟಿಕ್ ಇಟ್ಟಿಗೆಯನ್ನು ತಿನ್ನುವುದಿಲ್ಲ, ಇಟ್ಟಿಗೆಗಳ ನಡುವಿನ ಸಂದಿನಲ್ಲಿ ನುಗ್ಗುತ್ತದೆ. ಎಳೆತ ಆ ಸಂದನ್ನು ತೆರೆಯುತ್ತಾ ಹೋಗುತ್ತದೆ. ಹೊರಗಿನಿಂದ ನೋಡಿದರೆ ಟ್ಯಾಂಕು ಹೊಸದರಂತೆಯೇ ಇರುತ್ತದೆ. ಮೊದಲ ಸೂಚನೆ ಎಂದರೆ ವೆಲ್ಡಿಂಗ್ ಪಕ್ಕದಲ್ಲಿ ಒಸರಿ ಒಣಗಿದ ಬಿಳಿ ಉಪ್ಪಿನಂಥ ಗೆರೆ.

ರಿವೆಟ್ ಹೋಯಿತು, ಎಳೆತ ಹೋಗಲಿಲ್ಲ

ಈಗ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡುತ್ತಾರೆ. ವೆಲ್ಡಿಂಗ್ ಮಾಡುವಾಗ ಉಕ್ಕು ಕರಗಿ ಮತ್ತೆ ಗಟ್ಟಿಯಾಗುತ್ತದೆ. ತಣ್ಣಗಾಗುವಾಗ ಅದು ಕುಗ್ಗಲು ನೋಡುತ್ತದೆ, ಆದರೆ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಹೀಗೆ ವೆಲ್ಡಿಂಗ್ ಗೆರೆಯ ಉದ್ದಕ್ಕೂ ಎಳೆತ ಒಳಗೇ ಉಳಿದುಬಿಡುತ್ತದೆ. ಖಾಲಿ ಟ್ಯಾಂಕಿನಲ್ಲೂ ಈ ಎಳೆತ ಇರುತ್ತದೆ.

ಅಂದರೆ ಮೂರು ಕಾರಣಗಳಲ್ಲಿ ಎರಡು, ಎಳೆತ ಮತ್ತು ಗಟ್ಟಿ ಕಾಸ್ಟಿಕ್, ಪ್ರತಿ ಟ್ಯಾಂಕಿನಲ್ಲೂ ಹಾಜರು. ಉಳಿದದ್ದು ಬಿಸಿ ಮಾತ್ರ. ಆದ್ದರಿಂದಲೇ ವಿನ್ಯಾಸಕಾರರು ಕೇಳುವ ಮೊದಲ ಎರಡು ಪ್ರಶ್ನೆಗಳು 'ಎಷ್ಟು ಪರ್ಸೆಂಟು? ಎಷ್ಟು ಡಿಗ್ರಿ?' ಎಂಬುದು. ಇದಕ್ಕಾಗಿ ಉದ್ಯಮದಲ್ಲಿ ಎಲ್ಲರೂ ಬಳಸುವ ಒಂದು ನಕ್ಷೆ ಇದೆ. ಅದರ ಸಾರ ಹೀಗಿದೆ.

• 50% ಕಾಸ್ಟಿಕ್ ಸುಮಾರು 45ರಿಂದ 50 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಮಾಮೂಲಿ ವೆಲ್ಡಿಂಗ್ ಮಾಡಿದ ಉಕ್ಕಿನ ಟ್ಯಾಂಕು ಸಾಕು. ದ್ರಾವಣ ತೆಳುವಾದಂತೆ ಈ ಮಿತಿ ಮೇಲೇರುತ್ತದೆ, ಕೆಲವೇ ಪರ್ಸೆಂಟಿನ ದ್ರಾವಣಕ್ಕೆ 80 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ.

• ಅದಕ್ಕಿಂತ ಬಿಸಿಯಾದರೆ, ಕಟ್ಟಿದ ಮೇಲೆ ವೆಲ್ಡಿಂಗ್ ಗೆರೆಗಳನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಹಾಗೇ ಹಿಡಿದಿಟ್ಟು, ನಿಧಾನವಾಗಿ ತಣಿಸಬೇಕು. ಆ ಬಿಸಿಯಲ್ಲಿ ಉಕ್ಕು ಸ್ವಲ್ಪ ಮೆತ್ತಗಾಗಿ ಒಳಗಿನ ಎಳೆತವನ್ನು ಬಿಟ್ಟುಕೊಡುತ್ತದೆ.

• ಇನ್ನೂ ಬಿಸಿಯಾದರೆ ಉಕ್ಕನ್ನೇ ಬಿಟ್ಟು ನಿಕಲ್ ಅಥವಾ ನಿಕಲ್ ಮಿಶ್ರಲೋಹಕ್ಕೆ ಹೋಗಬೇಕು. ಅಷ್ಟು ಬಿಸಿಯಲ್ಲಿ, ಗಟ್ಟಿ ಕಾಸ್ಟಿಕ್ಕಿನಲ್ಲಿ ಉಕ್ಕಿನ ರಕ್ಷಣೆಯ ಹೊದಿಕೆಯೇ ಕರಗತೊಡಗುತ್ತದೆ.

'ನಮ್ಮ ಟ್ಯಾಂಕು ಬಿಸಿಯಾಗುವುದಿಲ್ಲ' ಎನ್ನುವ ಮಾತು

ಇಲ್ಲೇ ಹೆಚ್ಚಿನವರು ಎಡವುವುದು. 'ನಾವು ಟ್ಯಾಂಕನ್ನು ಕಾಯಿಸುವುದೇ ಇಲ್ಲ, ಮತ್ತೆ ಬಿಸಿ ಎಲ್ಲಿಂದ?' ಎನ್ನುತ್ತಾರೆ. ಬಿಸಿ ಬರುವ ದಾರಿಗಳು ಕಡಿಮೆಯೇನಿಲ್ಲ.

ಮೊದಲನೆಯದು, ಕಾಸ್ಟಿಕ್ ಕರಗುವಾಗಲೇ ಬಿಸಿ ಹುಟ್ಟುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಕಾಸ್ಟಿಕ್ ಚಕ್ಕೆ ನೀರಿನಲ್ಲಿ ಕರಗಿದರೆ ಸುಮಾರು 1,100 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಅದನ್ನು 4 ಲೀಟರ್ ನೀರಿಗೆ ಒಮ್ಮೆಗೇ ಸುರಿದರೆ ದ್ರಾವಣದ ಬಿಸಿ ಹತ್ತಿರ ಹತ್ತಿರ 60 ಡಿಗ್ರಿ ಏರುತ್ತದೆ. 28 ಡಿಗ್ರಿಯ ನಲ್ಲಿ ನೀರು ಒಲೆಯಿಲ್ಲದೆ ಕುದಿಯುವ ಹತ್ತಿರಕ್ಕೆ ಬರುತ್ತದೆ! ತಣ್ಣನೆಯ ದ್ರಾವಣಕ್ಕೆಂದು ಕಟ್ಟಿದ ಟ್ಯಾಂಕಿನೊಳಗೇ ಚೀಲಗಟ್ಟಲೆ ಚಕ್ಕೆ ಸುರಿದು ಕರಗಿಸಿದರೆ, ಪ್ರತಿ ಬಾರಿಯೂ ಆ ಟ್ಯಾಂಕು ತನ್ನ ಮಿತಿಯನ್ನು ದಾಟುತ್ತದೆ.

ಎರಡನೆಯದು, ಮೊದಲೇ ಹೇಳಿದಂತೆ ಇವಾಪರೇಟರಿನಿಂದ ಮರಳುವ ಬಿಸಿ ದ್ರಾವಣ. ಅದು ತೆಳುವಾಗಿರುತ್ತದೆ ನಿಜ, ಆದರೆ ಕುದಿದು ಬಂದಿರುತ್ತದೆ.

ಮೂರನೆಯದು, ನಮ್ಮ ಬಿಸಿಲು. ಏಪ್ರಿಲ್ ಮಧ್ಯಾಹ್ನ ಕಪ್ಪು ಬಣ್ಣದ ತಗಡಿನ ಮೇಲೆ ಕೈ ಇಡಲಾಗುವುದಿಲ್ಲ. ಟ್ಯಾಂಕಿಗೆ ಬಿಳಿ ಬಣ್ಣ ಬಳಿದು ಮೇಲೊಂದು ಚಪ್ಪರ ಹಾಕಿಸುವುದು ಅಂದಕ್ಕಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮೋಸದ್ದು. ರಿಪೇರಿಗೆ ಮುನ್ನ ಟ್ಯಾಂಕನ್ನು ಖಾಲಿ ಮಾಡಿ 'ಹಬೆ ಬಿಟ್ಟು ತೊಳೆದುಬಿಡೋಣ' ಎಂದು ಹೊರಡುವುದು. ಸಕ್ಕರೆ ಕಾರ್ಖಾನೆಯಲ್ಲಿ ಹಬೆಗೆ ಬರವಿಲ್ಲ. ಆದರೆ ಒಳಮೈಗೆ ಅಂಟಿಕೊಂಡಿರುವ ಕಾಸ್ಟಿಕ್ ಪದರ ಹಬೆಯ ಬಿಸಿಗೆ ಗಟ್ಟಿಯಾಗಿ, 100 ಡಿಗ್ರಿಯಲ್ಲಿ ವೆಲ್ಡಿಂಗ್ ಗೆರೆಯ ಮೇಲೆ ಕೂರುತ್ತದೆ. ವರ್ಷಗಟ್ಟಲೆ ಚೆನ್ನಾಗಿದ್ದ ಟ್ಯಾಂಕು ತೊಳೆಯುವಾಗ ಬಿರುಕು ಬಿಡುವುದು ಹೀಗೆ. ಮೊದಲು ತಣ್ಣೀರಿನಿಂದ ಮತ್ತೆ ಮತ್ತೆ ತೊಳೆದು, ಕಾಸ್ಟಿಕ್ ಪೂರ್ತಿ ಹೋಯಿತು ಎಂದು ಪರೀಕ್ಷಿಸಿದ ಮೇಲೆಯೇ ಹಬೆಯ ಮಾತು.

ತಗಡು ಎಷ್ಟು ದಪ್ಪ ಇರಬೇಕು?

'ದಪ್ಪ ಹಾಕಿದರೆ ಆಯಿತು' ಎನ್ನುವುದು ಇನ್ನೊಂದು ನಂಬಿಕೆ. ಇದನ್ನೂ ಲೆಕ್ಕ ಹಾಕೋಣ. 3 ಮೀಟರ್ ಅಗಲ, 4 ಮೀಟರ್ ಎತ್ತರದ ಉರುಟು ಟ್ಯಾಂಕು ಎಂದಿಟ್ಟುಕೊಳ್ಳಿ. ಅದರಲ್ಲಿ 28 ಸಾವಿರ ಲೀಟರಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ನೀರು ತುಂಬಿದರೆ ತೂಕ 28 ಟನ್. 50% ಕಾಸ್ಟಿಕ್ ತುಂಬಿದರೆ 43 ಟನ್! ಏಕೆಂದರೆ ಅದು ನೀರಿಗಿಂತ ಒಂದೂವರೆ ಪಟ್ಟು ಭಾರ. ನೀರಿಗೆಂದು ಮಾಡಿದ ಟ್ಯಾಂಕಿಗೆ, ಅದರ ಅಡಿಪಾಯಕ್ಕೆ, ಕಾಸ್ಟಿಕ್ ತುಂಬಬಾರದು ಎನ್ನುವುದು ಇದಕ್ಕೇ.

ಇಷ್ಟು ಭಾರವನ್ನು ತಡೆಯಲು ಬುಡದಲ್ಲಿ ತಗಡು ಎಷ್ಟು ದಪ್ಪ ಬೇಕು? ಲೆಕ್ಕದಲ್ಲಿ ಬರುವ ಉತ್ತರ ಒಂದು ಮಿಲಿಮೀಟರಿಗೂ ಕಡಿಮೆ. ಆದರೆ ಇಂತಹ ಟ್ಯಾಂಕನ್ನು ನಿಜದಲ್ಲಿ 6ರಿಂದ 8 ಮಿಲಿಮೀಟರ್ ತಗಡಿನಲ್ಲಿ ಕಟ್ಟುತ್ತಾರೆ. ತೆಳು ತಗಡು ಗಾಳಿಗೆ, ಖಾಲಿ ಇದ್ದಾಗ ತನ್ನ ಭಾರಕ್ಕೇ ನೆಗ್ಗುತ್ತದೆ, ಅದಕ್ಕೆ ಒಳ್ಳೆಯ ವೆಲ್ಡಿಂಗ್ ಮಾಡುವುದೂ ಕಷ್ಟ. ಆದ್ದರಿಂದ ಕನಿಷ್ಠ 5 ಮಿಲಿಮೀಟರ್ ಇರಲಿ ಎನ್ನುವುದು ರೂಢಿ. ಅದರ ಮೇಲೆ ಟ್ಯಾಂಕಿನ ಆಯುಷ್ಯದಲ್ಲಿ ಸವೆದು ಹೋಗುವ ಪಾಲು ಎಂದು 1.5ರಿಂದ 3 ಮಿಲಿಮೀಟರ್ ಮೊದಲೇ ಸೇರಿಸುತ್ತಾರೆ. ಮಗುವಿಗೆ ಬಟ್ಟೆ ಹೊಲಿಸುವಾಗ ಒಂದಿಷ್ಟು ಉದ್ದ ಬಿಟ್ಟು ಹೊಲಿಸುವ ಹಾಗೆ.

ಆದರೆ ಗಮನಿಸಿ, ಈ ಹೆಚ್ಚುವರಿ ದಪ್ಪ ಸವೆತಕ್ಕೆ ಮದ್ದು, ಬಿರುಕಿಗಲ್ಲ. 3 ಮಿಲಿಮೀಟರ್ ಸವೆಯಲು ಹತ್ತಾರು ವರ್ಷ ಬೇಕಾಗಬಹುದು, ಬಿರುಕು ಅದನ್ನು ಬಹಳ ಬೇಗ ದಾಟಬಲ್ಲದು. ಹಾಗೆ ನೋಡಿದರೆ ದಪ್ಪ ತಗಡಿನ ವೆಲ್ಡಿಂಗ್‌ನಲ್ಲಿ ಉಳಿಯುವ ಎಳೆತವೂ ಹೆಚ್ಚು. ಬಿರುಕಿಗೆ ಮದ್ದು ಬಿಸಿಯನ್ನು ಮಿತಿಯಲ್ಲಿಡುವುದು ಮತ್ತು ವೆಲ್ಡಿಂಗ್ ಗೆರೆಯ ಎಳೆತ ಬಿಡಿಸುವುದು.

ದ್ರವ ತಾಗದ ಜಾಗದಲ್ಲೇ ತುಕ್ಕು

ಕಾಸ್ಟಿಕ್ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವುದು ಕಾಸ್ಟಿಕ್ ಇಲ್ಲದ ಜಾಗಗಳಲ್ಲಿ. ದ್ರವದ ಮೇಲಿನ ಖಾಲಿ ಭಾಗದಲ್ಲಿ ತೇವ ಇದೆ, ಗಾಳಿ ಇದೆ, ಕ್ಷಾರದ ರಕ್ಷಣೆ ಇಲ್ಲ. ಚಾವಣಿಯ ಒಳಮೈ ಅಲ್ಲೇ ಕೆಂಪಾಗುತ್ತದೆ. ತಳದ ಹೊರಮೈ ಒದ್ದೆ ಮಣ್ಣಿಗೆ ತಾಗಿದ್ದರೆ ಅಲ್ಲೂ ತುಕ್ಕು. ಆದ್ದರಿಂದ ಟ್ಯಾಂಕನ್ನು ಎತ್ತರಿಸಿದ ಕಾಂಕ್ರೀಟ್ ಕಟ್ಟೆಯ ಮೇಲೆ, ತಳದಲ್ಲಿ ನೀರು ನಿಲ್ಲದಂತೆ ಕೂರಿಸುತ್ತಾರೆ.

ಚಾವಣಿಯಲ್ಲಿ ಗಾಳಿಯಾಡುವ ಕೊಳವೆಯೂ ಬಹಳ ಮುಖ್ಯ. ಕಾಸ್ಟಿಕ್ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಬಟ್ಟೆ ಸೋಡಾ ಆಗುತ್ತದೆ. ಆ ಬಿಳಿ ಕಟ್ಟು ಕೊಳವೆಯ ಬಾಯಿಯಲ್ಲಿ ಬೆಳೆದು ಅದನ್ನು ಮುಚ್ಚಿದರೆ, ಪಂಪು ದ್ರವವನ್ನು ಎಳೆಯುವಾಗ ಒಳಗೆ ಗಾಳಿ ಬರುವುದಿಲ್ಲ. ಹಣ್ಣಿನ ರಸದ ಪೊಟ್ಟಣವನ್ನು ಸ್ಟ್ರಾದಲ್ಲಿ ಹೀರಿದಾಗ ಅದು ಒಳಗೆ ಕುಸಿಯುತ್ತದಲ್ಲ, ಟ್ಯಾಂಕೂ ಹಾಗೆಯೇ ಕುಸಿಯಬಲ್ಲದು.

ಟ್ಯಾಂಕಿನ ಸುತ್ತ ಒಂದು ಗಿಡ್ಡ ಗೋಡೆ ಬೇಕು. ಟ್ಯಾಂಕು ಒಡೆದರೆ ಒಳಗಿದ್ದದ್ದೆಲ್ಲ ಆ ಗೋಡೆಯೊಳಗೇ ನಿಲ್ಲಬೇಕು, ಆ ಮೇಲೂ ಒಂದಿಷ್ಟು ಜಾಗ ಉಳಿಯಬೇಕು. ನಾಲೆಗಳ ಜಾಲವೇ ಇರುವ ನಮ್ಮ ಸೀಮೆಯಲ್ಲಿ ಇದು ಕಾರ್ಖಾನೆಯ ಸುರಕ್ಷತೆಯ ವಿಷಯ ಮಾತ್ರವಲ್ಲ. ಚರಂಡಿಗೆ ಇಳಿದ ಕಾಸ್ಟಿಕ್ ನಾಲೆ ಸೇರಿದರೆ ಮೀನು, ದನಕರು, ಗದ್ದೆ ಎಲ್ಲಕ್ಕೂ ಕುತ್ತು. ಇನ್ನೊಂದು ನಿಯಮ, ಆಮ್ಲದ ಟ್ಯಾಂಕನ್ನು ಅದೇ ಗೋಡೆಯೊಳಗೆ ಇಡಲೇಬಾರದು. ಎರಡೂ ಬೆರೆತರೆ ಕುದಿದು ಸಿಡಿಯುತ್ತವೆ.

ಮದ್ದೂರು: ಹಾಲಿನ ಡೇರಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಏಕೆ?

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ದೊಡ್ಡ ಡೇರಿ ಇದೆ. ಡೇರಿಗಳಲ್ಲಿ ಹಾಲು ಹರಿಯುವ ಟ್ಯಾಂಕು, ಪೈಪುಗಳನ್ನು ಬಿಚ್ಚದೆ, ಇದ್ದಲ್ಲೇ ದ್ರಾವಣ ಹರಿಸಿ ತೊಳೆಯುವ ಪದ್ಧತಿ ಇದೆ. ಸುಮಾರು 1ರಿಂದ 2% ಕಾಸ್ಟಿಕ್ಕನ್ನು 70-80 ಡಿಗ್ರಿ ಬಿಸಿಯಲ್ಲಿ ಹರಿಸಿದರೆ ಕೊಬ್ಬು ಸಾಬೂನಾಗಿ, ಪ್ರೋಟೀನು ಕರಗಿ ಹೋಗುತ್ತದೆ. ಆದರೆ ಹಾಲಿನ ಸುಣ್ಣದ ಅಂಶದಿಂದ ಕಟ್ಟುವ ಹಾಲುಗಲ್ಲು ಕಾಸ್ಟಿಕ್ಕಿಗೆ ಜಗ್ಗುವುದಿಲ್ಲ. ಅದಕ್ಕೆ ಆಮೇಲೆ ತೆಳು ನೈಟ್ರಿಕ್ ಆಮ್ಲ ಹರಿಸುತ್ತಾರೆ.

ಒಮ್ಮೆ ಕ್ಷಾರ, ಒಮ್ಮೆ ಆಮ್ಲ! ಮಾಮೂಲಿ ಉಕ್ಕು ಮೊದಲನೆಯದನ್ನು ತಡೆದೀತು, ಎರಡನೆಯದನ್ನಲ್ಲ. ಆದ್ದರಿಂದ ಇಲ್ಲಿ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿರುವ ಕ್ರೋಮಿಯಂ ಎರಡರಲ್ಲೂ ನಿಲ್ಲುವ ಹೊದಿಕೆ ಕೊಡುತ್ತದೆ. ನೈಟ್ರಿಕ್ ಆಮ್ಲ ಆ ಹೊದಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹಾಗೆಂದು 'ಸ್ಟೇನ್‌ಲೆಸ್ ಎಂದರೆ ಏನೂ ಆಗುವುದಿಲ್ಲ' ಎನ್ನುವುದೂ ತಪ್ಪು. ಅದರ ಶತ್ರು ಕ್ಲೋರೈಡ್. ಉಪ್ಪು, ಬ್ಲೀಚಿಂಗ್ ದ್ರಾವಣ ಅದರ ಮೇಲೆ ಬಹಳ ಹೊತ್ತು ನಿಂತರೆ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಗಟ್ಟಿ ಕಾಸ್ಟಿಕ್ ಬಹಳ ಬಿಸಿಯಾದರೆ ಸ್ಟೇನ್‌ಲೆಸ್ ಸ್ಟೀಲೂ ಬಿರುಕು ಬಿಡುತ್ತದೆ.

ಹಾಲು ಹಾಕುವ ಮನೆಗಳಿಗೂ ಇಲ್ಲೊಂದು ಪಾಠವಿದೆ. ಅಲ್ಯುಮಿನಿಯಂ ಕ್ಯಾನನ್ನು ಕಾಸ್ಟಿಕ್ಕಿನಿಂದ ತೊಳೆಯಬಾರದು. ಅಲ್ಯುಮಿನಿಯಂ ಕಾಸ್ಟಿಕ್ಕಿನಲ್ಲಿ ನೊರೆಯೆದ್ದು ಕರಗುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಸತುವಿನ ಲೇಪವಿರುವ ಜಿಐ ಬಕೆಟ್ಟು, ಜಿಐ ಪೈಪುಗಳದ್ದೂ ಇದೇ ಪಾಡು. 'ಜಿಐ ತುಕ್ಕು ಹಿಡಿಯುವುದಿಲ್ಲ, ಅದನ್ನೇ ಹಾಕಿ' ಎಂಬ ಸಲಹೆ ನೀರಿಗೆ ಸರಿ, ಕಾಸ್ಟಿಕ್ಕಿಗೆ ತಪ್ಪು. ಹಿತ್ತಾಳೆಯ ವಾಲ್ವಿನಲ್ಲೂ ಸತು ಇರುವುದರಿಂದ ಅದೂ ಬೇಡ. ಕಾಸ್ಟಿಕ್ ಲೈನಿನಲ್ಲಿ ಉಕ್ಕು ಅಥವಾ ಸ್ಟೇನ್‌ಲೆಸ್ ವಾಲ್ವೇ ಬೇಕು. ಎಣ್ಣೆ ಬಣ್ಣವೂ ಕಾಸ್ಟಿಕ್ ಬಿದ್ದರೆ ಸಾಬೂನಾಗಿ ಎದ್ದು ಬರುತ್ತದೆ, ಟ್ಯಾಂಕಿನ ಹೊರಮೈಗೆ ಎಪಾಕ್ಸಿ ಬಣ್ಣ ವಾಸಿ.

ಮನೆಯಲ್ಲಿ, ಕೆಲಸದಲ್ಲಿ ನೆನಪಿಡಬೇಕಾದದ್ದು

ಟ್ಯಾಂಕು ಎಷ್ಟೇ ಚೆನ್ನಾಗಿರಲಿ, ಕಾಸ್ಟಿಕ್ಕಿನೊಂದಿಗೆ ಕೆಲಸ ಮಾಡುವುದು ಮನುಷ್ಯರು. ಉಕ್ಕಿಗೆ ಇರುವ ಹೊದಿಕೆ ನಮ್ಮ ಕಣ್ಣಿಗಿಲ್ಲ. ಆಮ್ಲ ತಾಗಿದರೆ ತಕ್ಷಣ ಉರಿ ಗೊತ್ತಾಗುತ್ತದೆ. ಕಾಸ್ಟಿಕ್ ಮೊದಲು ಸಾಬೂನಿನಂತೆ ಜಾರುತ್ತದೆ ಅಷ್ಟೇ, ನೋವು ತಡವಾಗಿ ಬರುವುದೂ ಉಂಟು. ಅಷ್ಟರಲ್ಲಿ ಅದು ಚರ್ಮದ ಕೊಬ್ಬು, ಪ್ರೋಟೀನುಗಳನ್ನು ಕರಗಿಸಿಕೊಂಡು ಆಳಕ್ಕೆ ಇಳಿದಿರುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

• ಯಾವಾಗಲೂ ತಣ್ಣೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಬಿಸಿ ನೀರು ಬೇಡವೇ ಬೇಡ.

• ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್, ಬೂಟು ಹಾಕದೆ ಮುಟ್ಟಬಾರದು.

• ತಾಗಿದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಾದರೆ ರೆಪ್ಪೆ ತೆರೆದು ಅದಕ್ಕೂ ಹೆಚ್ಚು ಹೊತ್ತು ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ. 'ಕ್ಷಾರಕ್ಕೆ ಹುಳಿ ಮದ್ದು' ಎಂದು ನಿಂಬೆರಸ, ವಿನೆಗರ್ ಹಾಕಬೇಡಿ. ಅದರಿಂದ ಗಾಯ ಇನ್ನಷ್ಟು ಕೆಡಬಹುದು, ತೊಳೆಯುವ ಸಮಯವೂ ಹಾಳು.

• ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಒಳಗೆ ಹೋಗುವಾಗ ಸುಟ್ಟ ಗಂಟಲನ್ನು ಅದು ಹೊರಗೆ ಬರುವಾಗ ಮತ್ತೆ ಸುಡುತ್ತದೆ. ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

• ಕುಡಿಯುವ ನೀರಿನ ಬಾಟಲಿಯಲ್ಲಿ ಕಾಸ್ಟಿಕ್ ನೀರನ್ನು ತುಂಬಿಡಬೇಡಿ. ಆ ಪ್ಲಾಸ್ಟಿಕ್ ಕಾಸ್ಟಿಕ್ಕಿಗೆ ಕ್ರಮೇಣ ಶಿಥಿಲವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಣ್ಣವಿಲ್ಲದ ಆ ದ್ರವವನ್ನು ಮಕ್ಕಳು ನೀರೆಂದು ಕುಡಿದುಬಿಡುತ್ತಾರೆ.

ಕೊನೆಗೆ ಮೊದಲ ಪ್ರಶ್ನೆಗೆ ಬರೋಣ. ಕಾಸ್ಟಿಕ್ ಸೋಡಾ ಉಕ್ಕಿನ ಟ್ಯಾಂಕನ್ನು ತಿಂದುಹಾಕುತ್ತದೆಯೇ? ತಣ್ಣಗಿದ್ದರೆ ಇಲ್ಲ. ಬಿಸಿಯಾದರೆ, ವೆಲ್ಡಿಂಗ್ ಗೆರೆಯ ಎಳೆತ ಬಿಡಿಸದಿದ್ದರೆ, ಅದು ತಿನ್ನುವುದಿಲ್ಲ, ಸೀಳುತ್ತದೆ. ನಿಮ್ಮ ಕೆಲಸದ ಜಾಗದಲ್ಲಿ ಕಾಸ್ಟಿಕ್ ಟ್ಯಾಂಕು ಇದ್ದರೆ ತುಕ್ಕು ಇದೆಯೇ ಎಂದು ನೋಡಿ ಸುಮ್ಮನಾಗಬೇಡಿ. ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ ಬಿಳಿ ಗೆರೆ ಕಂಡರೆ ಅದನ್ನು ಒರೆಸಿ ಬಣ್ಣ ಬಳಿಯುವ ಬದಲು, ಮೊದಲು ಮೇಲಿನವರಿಗೆ ತಿಳಿಸಿ.